ವೈದ್ಯಸಹಾಯಕರು: ಬೈಕುಲ್ಲಾದ ಚರಿತ್ರೆಯಿಂದ ಕೆಲವು ಪಾಠಗಳು

೧. ವಿಷಯಪ್ರವೇಶ

ಮುಂಬಯಿಯ ವೈದ್ಯಕೀಯ ಚರಿತ್ರೆಯನ್ನು ಬರೆಯಹೊರಟವರು ಬೈಕುಲ್ಲಾವನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಮರಾಠಿಗರು ಭಾಯಖಳಾ ಎಂದು ಕರೆಯುವ ಈ ಭಾಗದಲ್ಲಿ ೧೮೪೫ರಲ್ಲಿ ಗ್ರಾಂಟ್ ಮೆಡಿಕಲ್ ಕಾಲೇಜೂ ಅದಕ್ಕೆ ಹೊಂದಿಕೊಂಡು ಜಮಶೇಟಜಿ ಜೀಜೀಭಾಯಿ ಆಸ್ಪತ್ರೆಯೂ ಪ್ರಾರಂಭವಾದುವು. ಮುಂಬಯಿಯ ಗವರ್ನರರಾಗಿದ್ದ ಸರ್ ರಾಬರ್ಟ್ ಗ್ರಾಂಟರ ಹೆಸರು, ಪಾರಸಿ ವರ್ತಕರಾದ ಜಮಶೇಟಜಿಯವರ ಧನ, ಡಾ. ಚಾರ್ಲ್ಸ್ ಮೋರ್‌ಹೆಡ್ಡರ ಪರಿಶ್ರಮ, ಈ ಮೂರೂ ಸೇರಿ ಪಶ್ಚಿಮ ಭಾರತದಲ್ಲಿ ಪಾಶ್ಚಾತ್ಯ ವೈದ್ಯಕ್ಕೆ ಭದ್ರವಾದ ನೆಲೆ ದೊರಕಿತು. ೧೮೫೧ರಲ್ಲಿ ಹೊರಬಿದ್ದ ಮೊದಲ ಪದವೀಧರರ ತಂಡದಲ್ಲಿ ಡಾ. ಭಾವು ದಾಜಿ ಲಾಡರಿದ್ದರು, ಡಾ. ಆತ್ಮಾರಾಮ ಪಾಂಡುರಂಗರಿದ್ದರು. ಭಾವು ದಾಜಿಯವರ ಹೆಸರನ್ನು ಇಂದು ಬೈಕುಲ್ಲಾದ ವಸ್ತುಸಂಗ್ರಹಾಲಯವೇ ಹೊತ್ತು ನಿಂತಿದೆ.

ಆದರೆ ಆಸ್ಪತ್ರೆ ಎಂಬುದು ಪದವೀಧರ ವೈದ್ಯರಿಂದ ಮಾತ್ರ ನಡೆಯುವ ಸಂಸ್ಥೆಯಲ್ಲ. ವೈದ್ಯನ ಪಕ್ಕದಲ್ಲಿ ನಿಂತು, ವೈದ್ಯನ ಕೆಲಸದಲ್ಲಿಯೇ ಒಂದು ಪಾಲನ್ನು ಅವನ ಮೇಲ್ವಿಚಾರಣೆಯಲ್ಲಿ ನಿರ್ವಹಿಸುವ ಇನ್ನೊಂದು ವರ್ಗವು ಮೊದಲಿನಿಂದಲೂ ಇದೆ. ಅವರು ದಾದಿಯರಲ್ಲ, ಔಷಧ ಕೂಡಿಸಿ ಕೊಡುವ ಕಂಪೌಂಡರರೂ ಅಲ್ಲ. ರೋಗಿಯ ವೃತ್ತಾಂತವನ್ನು ಕೇಳುವುದು, ಪರೀಕ್ಷಿಸುವುದು, ಸಣ್ಣ ಚಿಕಿತ್ಸೆಗಳನ್ನು ಮಾಡುವುದು, ಶಸ್ತ್ರಕ್ರಿಯೆಯಲ್ಲಿ ಕೈಗೂಡಿಸುವುದು, ಆ ಮೇಲಿನ ಆರೈಕೆಯನ್ನು ನೋಡಿಕೊಳ್ಳುವುದು ಇವೇ ಅವರ ಕೆಲಸಗಳು. ಕಾಲಕಾಲಕ್ಕೆ ಈ ವರ್ಗಕ್ಕೆ ಬೇರೆ ಬೇರೆ ಹೆಸರುಗಳು ಬಂದಿವೆ. ಹಿಂದೆ ‘ಹಾಸ್ಪಿಟಲ್ ಅಸಿಸ್ಟಂಟ್’ ಎಂದಿತ್ತು, ಅನಂತರ ‘ಸಬ್-ಅಸಿಸ್ಟಂಟ್ ಸರ್ಜನ್’ ಎಂದಾಯಿತು, ಈಗ ‘ಫಿಜಿಷಿಯನ್ ಅಸಿಸ್ಟಂಟ್’ ಎನ್ನುತ್ತಾರೆ. ಪ್ರಸ್ತುತ ಲೇಖನದಲ್ಲಿ ಈ ಎಲ್ಲರನ್ನೂ ಸೇರಿಸಿ ‘ವೈದ್ಯಸಹಾಯಕರು’ ಎಂದು ಕರೆದಿದೆ.

ಇಂದು ತಜ್ಞವೈದ್ಯದ ಪ್ರತಿಯೊಂದು ಶಾಖೆಯಲ್ಲಿಯೂ ಈ ವರ್ಗದ ಪ್ರಶ್ನೆ ಮತ್ತೆ ಎದ್ದಿದೆ. ತಜ್ಞರು ಕಡಮೆ, ರೋಗಿಗಳು ಹೆಚ್ಚು. ನಡುವಿನ ಅಂತರವನ್ನು ಸಹಾಯಕರಿಂದ ತುಂಬಬಹುದೆ? ತುಂಬಿದರೆ ರೋಗಿಗೆ ಅಪಾಯವಿಲ್ಲವೆ? ಈ ಪ್ರಶ್ನೆಗಳನ್ನು ಹೊಸವೆಂದು ತಿಳಿದು ಚರ್ಚಿಸುವವರೇ ಬಹಳ. ವಾಸ್ತವವಾಗಿ ಬೈಕುಲ್ಲಾದ ಆವರಣದಲ್ಲಿ ಇವು ಒಂದೂವರೆ ಶತಮಾನದ ಹಿಂದೆಯೇ ಎದ್ದಿದ್ದುವು. ಅಲ್ಲಿಯ ಅನುಭವವನ್ನು ಪರಿಶೀಲಿಸಿದರೆ ಒಂದು ಮಾತು ಸ್ಪಷ್ಟವಾಗುತ್ತದೆ: ಸಹಾಯಕನ ಕೆಲಸದ ಎಲ್ಲೆ, ಅವನ ಪರವಾಗಿ ಹೊಣೆ ಹೊರುವವರು, ಅವನು ಮೇಲೇರುವ ದಾರಿ ಈ ಮೂರನ್ನೂ ಬರೆದಿಟ್ಟಲ್ಲಿ ಈ ವರ್ಗ ಫಲಕೊಟ್ಟಿದೆ, ಬರೆದಿಡದಲ್ಲಿ ಕೆಲಸವನ್ನು ಮಾಡಿಸಿಕೊಂಡು ಮನುಷ್ಯನನ್ನು ಮರೆತದ್ದಾಗಿದೆ.

೨. ದೇಶಭಾಷೆಯಲ್ಲಿ ವೈದ್ಯಶಿಕ್ಷಣ

ಗ್ರಾಂಟ್ ಕಾಲೇಜಿಗಿಂತ ಸುಮಾರು ಇಪ್ಪತ್ತು ವರ್ಷ ಮೊದಲೇ ಮುಂಬಯಿಯಲ್ಲಿ ಒಂದು ಪ್ರಯೋಗ ನಡೆದಿತ್ತು. ಮೌಂಟ್‌ಸ್ಟುಅರ್ಟ್ ಎಲ್ಫಿನ್‌ಸ್ಟನ್ನರ ಆಡಳಿತದಲ್ಲಿ, ೧೮೨೬ರಲ್ಲಿ, ಡಾ. ಜಾನ್ ಮೆಕ್ಲೆನನ್ನರ ಕೈಕೆಳಗೆ ‘ನೇಟಿವ್ ಮೆಡಿಕಲ್ ಸ್ಕೂಲ್’ ಆರಂಭವಾಯಿತು. ಸೈನ್ಯಕ್ಕೂ ಜಿಲ್ಲಾ ಠಾಣ್ಯಗಳಿಗೂ ದೇಶೀಯ ಸಹಾಯಕರನ್ನು ಸಿದ್ಧಪಡಿಸುವುದು ಅದರ ಉದ್ದೇಶ. ಪಾಠ ದೇಶಭಾಷೆಯಲ್ಲಿ ನಡೆಯುತ್ತಿತ್ತು. ಆದರೆ ಆರೇ ವರ್ಷಗಳಲ್ಲಿ, ೧೮೩೨ರಲ್ಲಿ, ಸರಕಾರ ಆ ಶಾಲೆಯನ್ನು ಮುಚ್ಚಿತು. ಮುಂದೆ ಗ್ರಾಂಟ್ ಕಾಲೇಜು ಹುಟ್ಟಿದಾಗ ಅದರ ಬೋಧನೆಯೆಲ್ಲ ಇಂಗ್ಲಿಷಿನಲ್ಲಿಯೇ ಸಾಗಿತು.

ಅಲ್ಲಿಂದ ಹೊರಬಿದ್ದ ಪದವೀಧರರು ಬೆರಳೆಣಿಕೆಯವರು. ಮುಂಬಯಿ ಇಲಾಖೆಯಾದರೋ ಸಿಂಧದಿಂದ ಧಾರವಾಡದವರೆಗೆ ಚಾಚಿದ್ದಿತು. ತಾಲೂಕು ದವಾಖಾನೆಗಳಿಗೆ ಯಾರನ್ನು ಕಳಿಸಬೇಕು? ಈ ಕೊರತೆಯನ್ನು ನೀಗಿಸಲು ೧೮೬೧ರಲ್ಲಿ ಗ್ರಾಂಟ್ ಕಾಲೇಜಿನಲ್ಲಿಯೇ ಮರಾಠಿ ಹಾಗೂ ಗುಜರಾತಿ ವರ್ಗಗಳನ್ನು ತೆರೆದರು. ಇಂಗ್ಲಿಷ್ ಬಾರದ ತರುಣರು ತಮ್ಮ ಭಾಷೆಯಲ್ಲಿ ಶರೀರರಚನೆಯನ್ನೂ ಔಷಧಶಾಸ್ತ್ರವನ್ನೂ ಕಲಿತು ಹಾಸ್ಪಿಟಲ್ ಅಸಿಸ್ಟಂಟರಾಗಿ ಹೊರಟರು. ಮರಾಠಿ ವರ್ಗದಲ್ಲಿ ಪಾಠ ಹೇಳಿದವರಲ್ಲಿ ಡಾ. ಸಖಾರಾಮ ಅರ್ಜುನರು ಒಬ್ಬರು. ಸಸ್ಯಶಾಸ್ತ್ರದಲ್ಲಿ ಹೆಸರು ಪಡೆದ ಇವರೂ ಆತ್ಮಾರಾಮ ಪಾಂಡುರಂಗರೂ ೧೮೮೩ರಲ್ಲಿ ಮುಂಬಯಿಯ ನೈಸರ್ಗಿಕ ಇತಿಹಾಸ ಸಂಸ್ಥೆಯ ಸ್ಥಾಪಕರ ಸಾಲಿನಲ್ಲಿದ್ದರು. ಇಂಥ ವಿದ್ವಾಂಸರು ಕೆಳದರ್ಜೆಯದೆಂದು ಎಣಿಸಲ್ಪಟ್ಟ ವರ್ಗಕ್ಕೆ ಪಾಠ ಹೇಳಿದರೆಂಬುದು ಗಮನಿಸತಕ್ಕ ಸಂಗತಿ.

ಈ ಶಿಕ್ಷಣ ಮುಂದೆ ಬೈಕುಲ್ಲಾದಿಂದ ಹೊರಗೆ ಬೆಳೆಯಿತು. ಪುಣೆಯಲ್ಲಿ ೧೮೭೮ರಲ್ಲಿಯೂ ಅಹಮದಾಬಾದಿನಲ್ಲಿ ೧೮೭೯ರಲ್ಲಿಯೂ ಬೈರಾಮಜಿ ಜೀಜೀಭಾಯಿ ಅವರ ಹೆಸರಿನ ವೈದ್ಯಶಾಲೆಗಳು ರೂಪುಗೊಂಡುವು. ಎರಡೂ ೧೯೪೬ರಲ್ಲಿ ಪೂರ್ಣ ಕಾಲೇಜುಗಳಾದುವು.

ಕನ್ನಡಿಗರ ದೃಷ್ಟಿಯಿಂದ ಇಲ್ಲಿ ಒಂದು ಮಾತನ್ನು ಹೇಳಲೇಬೇಕು. ಧಾರವಾಡ, ಬೆಳಗಾವಿ, ಆಗಿನ ಕಲಾದಗಿ ಜಿಲ್ಲೆಗಳು ಮುಂಬಯಿ ಇಲಾಖೆಗೆ ಸೇರಿದ್ದುವು. ೧೮೬೨ರಲ್ಲಿ ಉತ್ತರ ಕನ್ನಡವೂ ಮದರಾಸಿನಿಂದ ಮುಂಬಯಿಗೆ ವರ್ಗವಾಯಿತು. ಆದರೆ ಬೈಕುಲ್ಲಾದ ದೇಶಭಾಷಾವರ್ಗಗಳು ಮರಾಠಿ ಮತ್ತು ಗುಜರಾತಿ ಎರಡೇ. ಡೆಪ್ಯುಟಿ ಚನ್ನಬಸಪ್ಪನವರಂಥವರು ಧಾರವಾಡ ಪ್ರಾಂತದಲ್ಲಿ ಕನ್ನಡ ಶಾಲೆಗಳಿಗಾಗಿ ಹೆಣಗುತ್ತಿದ್ದ ಕಾಲವದು. ಶಾಲೆಯ ಬಾಗಿಲಿಗೆ ಬಂದ ಕನ್ನಡ ದವಾಖಾನೆಯ ಬಾಗಿಲನ್ನು ಮುಟ್ಟಲಿಲ್ಲ. ನಮ್ಮ ಉತ್ತರದ ಜಿಲ್ಲೆಗಳಲ್ಲಿ ಇಂದಿಗೂ ‘ದವಾಖಾನೆ’ ಎಂಬ ಮಾತೇ ರೂಢಿ, ಹಳೆಯ ಮೈಸೂರಿನಲ್ಲಿ ‘ಆಸ್ಪತ್ರೆ’. ಯಾವ ಆಡಳಿತದ ಮೂಲಕ ಹೊಸ ವೈದ್ಯ ನಮ್ಮಲ್ಲಿಗೆ ಬಂದಿತೆಂಬುದನ್ನು ಈ ಎರಡು ಶಬ್ದಗಳೇ ತಿಳಿಸುತ್ತವೆ.

೩. ಒಂದು ಸೀಸೆ, ಒಂದು ಇಕ್ಕಳ

ಸಹಾಯಕನ ಎಲ್ಲೆ ಯಾವುದು, ಅವನ ತಪ್ಪಿಗೆ ಹೊಣೆ ಯಾರು ಎಂಬ ಪ್ರಶ್ನೆಗೆ ಬೈಕುಲ್ಲಾದಲ್ಲಿ ಮೊದಲಾಗಿ ದೂರದ ಪಂಜಾಬಿನಲ್ಲಿ ಮುಗಿದ ಒಂದು ವೃತ್ತಾಂತ ಬಹಳ ಬೆಳಕು ಚೆಲ್ಲುತ್ತದೆ.

೧೮೯೬ರ ಸೆಪ್ಟೆಂಬರದಲ್ಲಿ ಮಾಂಡವಿ ಭಾಗದಲ್ಲಿ ಪ್ಲೇಗು ಕಾಣಿಸಿಕೊಂಡಿತು. ಅದನ್ನು ಗುರುತಿಸಿದ ಡಾ. ಅಕಾಸಿಯೊ ವಿಯೇಗಾಸರು ಗ್ರಾಂಟ್ ಕಾಲೇಜಿನಲ್ಲಿ ಓದಿದವರು. ಅಕ್ಟೋಬರದಲ್ಲಿ ವಾಲ್ಡೆಮಾರ್ ಹಾಫ್ಕಿನ್ನರು ಮುಂಬಯಿಗೆ ಬಂದು ಗ್ರಾಂಟ್ ಕಾಲೇಜಿನ ಪೆಟಿಟ್ ಪ್ರಯೋಗಶಾಲೆಯಲ್ಲಿ ಲಸಿಕೆಯ ಕೆಲಸಕ್ಕೆ ತೊಡಗಿದರು. ಅವರಿಗೆ ದೊರೆತದ್ದು ಒಂದು ಕೋಣೆ, ಒಂದು ಪಡಸಾಲೆ. ಸಿಬ್ಬಂದಿಯೆಂದರೆ ಒಬ್ಬ ಗುಮಾಸ್ತ, ಮೂವರು ಜವಾನರು. ಮೂರೇ ತಿಂಗಳಲ್ಲಿ ಲಸಿಕೆ ಸಿದ್ಧವಾಯಿತು. ೧೮೯೭ರ ಜನವರಿ ೧೦ರಂದು ಹಾಫ್ಕಿನ್ನರು ಅದನ್ನು ಮೊದಲು ತಮ್ಮ ಮೈಗೇ ಚುಚ್ಚಿಸಿಕೊಂಡರು. ಅದೇ ತಿಂಗಳ ಕೊನೆಯಲ್ಲಿ ಬೈಕುಲ್ಲಾದ ಸೆರೆಮನೆಯಲ್ಲಿ ಪ್ಲೇಗು ಹೊಕ್ಕಾಗ, ಒಪ್ಪಿದ ಕೈದಿಗಳಿಗೆ ಚುಚ್ಚಲಾಯಿತು. ಚುಚ್ಚಿಸಿಕೊಂಡವರಲ್ಲಿ ರೋಗ ಬಲು ಕಡಮೆಯಾದುದನ್ನು ಕಂಡ ಮೇಲೆ ಲಸಿಕೆಗೆ ಎಲ್ಲೆಡೆಯಿಂದ ಬೇಡಿಕೆ ಬಂದಿತು. ೧೮೯೯ರಲ್ಲಿ ಪ್ರಯೋಗಶಾಲೆ ಪರಳದ ಹಳೆಯ ಗವರ್ನರರ ಬಂಗಲೆಗೆ ಸ್ಥಳಾಂತರವಾಯಿತು.

ಲಸಿಕೆಯನ್ನು ತಯಾರಿಸಿದವರು ವಿಜ್ಞಾನಿಗಳು. ಊರೂರಿಗೆ ಒಯ್ದು ಚುಚ್ಚುವ ಕೆಲಸದ ಬಹುಭಾಗ ಬಿದ್ದದ್ದು ಸಹಾಯಕರ ಮೇಲೆ. ೧೯೦೨ರ ಅಕ್ಟೋಬರ ೩೦ರಂದು ಪಂಜಾಬದ ಮುಲ್ಕೋವಾಲ ಎಂಬ ಹಳ್ಳಿಯಲ್ಲಿ ೧೦೭ ಜನರಿಗೆ ಲಸಿಕೆ ಹಾಕಿದರು. ಅವರಲ್ಲಿ ೧೯ ಜನ ಧನುರ್ವಾಯುವಿನಿಂದ ಸತ್ತರು. ಸತ್ತವರೆಲ್ಲರಿಗೂ ಚುಚ್ಚಿದ್ದ ಲಸಿಕೆ ಒಂದೇ ಸೀಸೆಯದು. ವಿಚಾರಣಾ ಮಂಡಳಿಯು ಪರಳದ ಪ್ರಯೋಗಶಾಲೆಯತ್ತ ಬೊಟ್ಟುಮಾಡಿತು. ಹಾಫ್ಕಿನ್ನರು ತಮ್ಮ ಸ್ಥಾನವನ್ನು ಕಳೆದುಕೊಂಡರು. ಮುಂದೆ ಸಾಕ್ಷ್ಯವನ್ನು ಮತ್ತೆ ಪರಿಶೀಲಿಸಿದಾಗ, ಆ ಸೀಸೆಯನ್ನು ತೆರೆಯುವಾಗ ಸಹಾಯಕನ ಕೈಯಿಂದ ಇಕ್ಕಳ ನೆಲಕ್ಕೆ ಬಿದ್ದುದೂ ಅದನ್ನು ತಕ್ಕಷ್ಟು ಶುದ್ಧಿಮಾಡದೆ ಬಳಸಿದುದೂ ಮುಂದೆ ಬಂದುವು. ೧೯೦೭ರ ಜುಲೈ ತಿಂಗಳಲ್ಲಿ ಸರ್ ರೊನಾಲ್ಡ್ ರಾಸ್ ಮೊದಲಾದ ವಿಜ್ಞಾನಿಗಳು ಲಂಡನ್ನಿನ ‘ಟೈಮ್ಸ್’ ಪತ್ರಿಕೆಯಲ್ಲಿ ಹಾಫ್ಕಿನ್ನರ ಪರವಾಗಿ ಬರೆದರು. ಆ ವರ್ಷದ ಕೊನೆಗೆ ಅವರು ದೋಷಮುಕ್ತರಾದರು.

ಈ ಕಥೆಯನ್ನು ಸಾಮಾನ್ಯವಾಗಿ ಹಾಫ್ಕಿನ್ನರಿಗಾದ ಅನ್ಯಾಯವೆಂದು ಹೇಳುವುದುಂಟು. ಅದು ನಿಜವೇ. ಆದರೆ ನಮ್ಮ ವಿಷಯಕ್ಕೆ ಬೇಕಾದ ಪಾಠ ಇನ್ನೊಂದಿದೆ. ಐದು ವರ್ಷಗಳ ಕಾಲ ಚರ್ಚೆಯೆಲ್ಲ ತಪ್ಪು ಯಾರದು, ವಿಜ್ಞಾನಿಯದೋ ಸಹಾಯಕನದೋ, ಎಂಬುದರ ಸುತ್ತಲೇ ಸುತ್ತಿತು. ಕೈಯಿಂದ ಜಾರಿದ ಇಕ್ಕಳವನ್ನು ಏನು ಮಾಡಬೇಕೆಂಬ ಮಾತು ಸಹಾಯಕನ ವಿವೇಕಕ್ಕೆ ಬಿಡತಕ್ಕುದಲ್ಲ. ಅದು ಅವನಿಗೆ ಕಲಿಸಿ, ಬರೆದುಕೊಟ್ಟು, ಎದುರಿಗೆ ನಿಂತು ನೋಡತಕ್ಕ ಕ್ರಮ. ಸಹಾಯಕನು ಎಷ್ಟು ಹೆಚ್ಚು ಜನರನ್ನು ತಲಪಬಲ್ಲನೋ ಅವನ ಒಂದು ತಪ್ಪೂ ಅಷ್ಟೇ ಹೆಚ್ಚು ಜನರನ್ನು ತಲಪುತ್ತದೆ. ಆದಕಾರಣ ಸಹಾಯಕವರ್ಗವನ್ನು ಬೆಳೆಸುವವರು ಮೇಲ್ವಿಚಾರಣೆಯನ್ನೂ ಅದೇ ಪ್ರಮಾಣದಲ್ಲಿ ಬೆಳೆಸಬೇಕಾಗುತ್ತದೆ.

೪. ಹೆಸರು ಬದಲಾಯಿತು, ಏಣಿ ಸಿಗಲಿಲ್ಲ

ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ‘ಹಾಸ್ಪಿಟಲ್ ಅಸಿಸ್ಟಂಟ್’ ಎಂಬ ಹೆಸರು ಹೋಗಿ ‘ಸಬ್-ಅಸಿಸ್ಟಂಟ್ ಸರ್ಜನ್’ ಎಂಬುದು ಬಂದಿತು. ೧೯೧೨ರಲ್ಲಿ ಮುಂಬಯಿಯ ಕಾಲೇಜ್ ಆಫ್ ಫಿಜಿಷಿಯನ್ಸ್ ಅಂಡ್ ಸರ್ಜನ್ಸ್ ಸ್ಥಾಪಿತವಾಗಿ, ಅದರ ಲೈಸೆನ್ಷಿಯೇಟ್ ಪರೀಕ್ಷೆಯ ಮೂಲಕ ಸಹಾಯಕನಿಗೂ ಪದವೀಧರನಿಗೂ ನಡುವಣ ಇನ್ನೊಂದು ಮಜಲು ಏರ್ಪಟ್ಟಿತು. ಮೈಸೂರು ಸಂಸ್ಥಾನದಲ್ಲಿಯೂ ೧೯೧೭ರಲ್ಲಿ ಬೆಂಗಳೂರಿನಲ್ಲಿ ಲೈಸೆನ್ಷಿಯೇಟ್ ಶಿಕ್ಷಣದ ವೈದ್ಯಶಾಲೆ ತೆರೆಯಿತು. ಅದೇ ೧೯೨೪ರಲ್ಲಿ ಕಾಲೇಜಾಗಿ ಬೆಳೆದು ಮುಂದೆ ಮೈಸೂರಿಗೆ ಹೋಯಿತು.

ಈ ಲೈಸೆನ್ಷಿಯೇಟರು ಹೆಸರಿಗೆ ಸಹಾಯಕರಾದರೂ ಹಳ್ಳಿಯ ಪಾಲಿಗೆ ಅವರೇ ‘ಡಾಕ್ಟರು’. ಸರಕಾರಕ್ಕೆ ಮಾತ್ರ ಅವರು ಎರಡನೆಯ ದರ್ಜೆಯವರಾಗಿಯೇ ಉಳಿದರು. ೧೯೩೩ರ ಇಂಡಿಯನ್ ಮೆಡಿಕಲ್ ಕೌನ್ಸಿಲ್ ಕಾಯಿದೆಯ ವ್ಯಾಪ್ತಿಯಿಂದ ಅವರನ್ನು ಹೊರಗಿಟ್ಟರು. ೧೯೪೩ರಲ್ಲಿ ನೇಮಕವಾಗಿ ೧೯೪೬ರಲ್ಲಿ ವರದಿಯೊಪ್ಪಿಸಿದ ಸರ್ ಜೋಸೆಫ್ ಭೋರ್ ಸಮಿತಿ ಲೆಕ್ಕ ಹಾಕಿದಾಗ ದೇಶದಲ್ಲಿ ನೋಂದಣಿಯಾದ ವೈದ್ಯರು ಸುಮಾರು ೪೭,೫೦೦. ಅವರಲ್ಲಿ ಪದವೀಧರರು ೧೭,೫೦೦, ಲೈಸೆನ್ಷಿಯೇಟರು ೩೦,೦೦೦. ಎಂದರೆ ನೂರಕ್ಕೆ ಅರುವತ್ತಮೂರು ಜನ ಈ ‘ಎರಡನೆಯ’ ವರ್ಗದವರು. ಆದರೂ ಇನ್ನು ಮುಂದೆ ಒಂದೇ ಬಗೆಯ ‘ಮೂಲ ವೈದ್ಯ’ನಿರಬೇಕು, ಲೈಸೆನ್ಷಿಯೇಟ್ ಶಿಕ್ಷಣ ನಿಲ್ಲಬೇಕು ಎಂದು ಸಮಿತಿಯ ಬಹುಮತ ಹೇಳಿತು. ವೈದ್ಯರ ಅಭಾವ ತೀವ್ರವಾಗಿರುವಾಗ ಮೊಟಕು ಶಿಕ್ಷಣವನ್ನು ಕೈಬಿಡುವುದು ಸರಿಯಲ್ಲವೆಂದು ಕೆಲವು ಸದಸ್ಯರು ಭಿನ್ನಮತ ಬರೆದರು. ಬಹುಮತವೇ ಗೆದ್ದಿತು.

ಬಹುಮತದ ವಾದದಲ್ಲಿ ಹುರುಳಿಲ್ಲವೆಂದು ಹೇಳಲಾಗದು. ಹಳ್ಳಿಗೊಬ್ಬ ಅರ್ಧವೈದ್ಯ, ಪಟ್ಟಣಕ್ಕೊಬ್ಬ ಪೂರ್ಣವೈದ್ಯ ಎಂಬ ಭೇದವನ್ನು ಸ್ವತಂತ್ರ ರಾಷ್ಟ್ರ ಒಪ್ಪತಕ್ಕುದಲ್ಲ. ಆದರೆ ಮಜಲನ್ನು ತೆಗೆದುಹಾಕಿದ ಮಾತ್ರಕ್ಕೆ ಆ ಮಜಲಿನ ಕೆಲಸ ಹೋಗಲಿಲ್ಲ. ಅದನ್ನು ಮಾಡುವವರು ಇದ್ದೇ ಇದ್ದರು. ಅವರಿಗೊಂದು ಹೆಸರು, ಒಂದು ಪರೀಕ್ಷೆ, ಒಂದು ನೋಂದಣಿ ಮಾತ್ರ ಇಲ್ಲವಾಯಿತು. ಲೈಸೆನ್ಷಿಯೇಟರಿಗೆ ಬೇಕಾಗಿದ್ದದ್ದು ಸೇವೆಯಲ್ಲಿದ್ದುಕೊಂಡೇ ಮೇಲಿನ ಪರೀಕ್ಷೆಗೆ ಕೂಡುವ ಏಣಿ. ಏಣಿಯನ್ನು ಅಗಲ ಮಾಡುವ ಬದಲು ಕೆಳಗಿನ ಮೆಟ್ಟಿಲನ್ನೇ ಕಿತ್ತಂತಾಯಿತು.

೫. ಕಣ್ಣಿನ ಚಿಕಿತ್ಸೆ: ಒಂದು ನಿದರ್ಶನ

ತಜ್ಞವೈದ್ಯದ ಒಂದು ಶಾಖೆಯಲ್ಲಿ ಮಾತ್ರ ಈ ಮೆಟ್ಟಿಲನ್ನು ಮತ್ತೆ ಕಟ್ಟಿದರು. ಅದು ನೇತ್ರಚಿಕಿತ್ಸೆ. ಬೈಕುಲ್ಲಾದ ಆವರಣಕ್ಕೂ ಈ ಶಾಖೆಗೂ ಹಳೆಯ ಸಂಬಂಧವುಂಟು: ಸರ್ ಕಾವಸಜಿ ಜಹಾಂಗೀರರ ದಾನದಿಂದ ಜೀಜೀಭಾಯಿ ಆಸ್ಪತ್ರೆಗೆ ಸೇರಿದಂತೆ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಪ್ರತ್ಯೇಕ ನೇತ್ರಚಿಕಿತ್ಸಾಲಯ ನಿರ್ಮಾಣವಾಯಿತು. ಕರ್ನಾಟಕದಲ್ಲಿ ಬೆಂಗಳೂರಿನ ಮಿಂಟೋ ಆಸ್ಪತ್ರೆ ೧೮೯೬ರಲ್ಲಿ ಚಿಕ್ಕಪೇಟೆಯ ಕಣ್ಣಿನ ದವಾಖಾನೆಯಾಗಿ ಆರಂಭವಾಗಿ ೧೯೧೩ರಲ್ಲಿ ಈಗಿನ ಕಟ್ಟಡಕ್ಕೆ ಬಂದಿತು.

ಕಣ್ಣಿನ ಪೊರೆ ತೆಗೆಯುವ ಕೆಲಸವನ್ನು ಬಿಡಿಸಿ ನೋಡಿದರೆ ಅದರೊಳಗೆ ಹತ್ತಾರು ಕೆಲಸಗಳಿವೆ. ದೃಷ್ಟಿಯ ಅಳತೆ, ರಕ್ತದೊತ್ತಡ ಹಾಗೂ ಸಕ್ಕರೆಯ ಪರೀಕ್ಷೆ, ಅಶ್ರುನಾಳ ತೆರೆದಿದೆಯೆ ಎಂಬ ಪರೀಕ್ಷೆ, ಕೃತಕ ಮಸೂರದ ಶಕ್ತಿಯನ್ನು ನಿರ್ಣಯಿಸಲು ಕಣ್ಣಿನ ಉದ್ದದ ಅಳತೆ, ಪಾಪೆಯನ್ನು ಹಿಗ್ಗಿಸುವ ಔಷಧ, ಸ್ಥಳಿಕ ಅರಿವಳಿಕೆ, ಶಸ್ತ್ರಕ್ರಿಯೆ, ಕಟ್ಟು, ಮರುದಿನದ ತಪಾಸಣೆ. ಇವುಗಳಲ್ಲಿ ತಜ್ಞನ ಕೈಯೇ ಬೇಕಾದದ್ದು ರೋಗನಿರ್ಣಯ ಹಾಗೂ ಶಸ್ತ್ರಕ್ರಿಯೆ. ಉಳಿದವುಗಳಲ್ಲಿ ಹೆಚ್ಚಿನವು ಶಿಕ್ಷಿತ ಸಹಾಯಕನ ಕೈಗೆ ಒಪ್ಪಿಸಬಹುದಾದವು.

ಹಾಗೆಂದು ಅವು ಸಣ್ಣ ಕೆಲಸಗಳಲ್ಲ. ಕಣ್ಣಿನ ಉದ್ದವನ್ನು ಅಳೆಯುವಾಗ ಒಂದು ಮಿಲಿಮೀಟರು ತಪ್ಪಿದರೆ ಮಸೂರದ ಲೆಕ್ಕ ಸುಮಾರು ಎರಡೂವರೆಯಿಂದ ಮೂರು ಡಯಾಪ್ಟರುಗಳಷ್ಟು ತಪ್ಪುತ್ತದೆ. ಶಸ್ತ್ರಕ್ರಿಯೆ ಎಷ್ಟೇ ಕುಶಲವಾಗಿದ್ದರೂ ರೋಗಿ ದಪ್ಪ ಕನ್ನಡಕವಿಲ್ಲದೆ ಕಾಣಲಾರ. ಸಹಾಯಕನ ಅರ್ಧ ಮಿಲಿಮೀಟರಿನ ಎಚ್ಚರದ ಮೇಲೆ ತಜ್ಞನ ಕೀರ್ತಿ ನಿಂತಿದೆ.

ಈ ಬಗೆಯ ಕೆಲಸದ ಹಂಚಿಕೆಯನ್ನು ಕನ್ನಡನಾಡು ಬಹು ಹಿಂದೆಯೇ ಕಣ್ಣಾರೆ ಕಂಡಿದೆ. ಬೀಳಗಿಯ ಡಾ. ಎಂ. ಸಿ. ಮೋದಿಯವರು ಊರೂರಿನಲ್ಲಿ ಉಚಿತ ನೇತ್ರಶಿಬಿರಗಳನ್ನು ನಡೆಸಿ ಲಕ್ಷಾಂತರ ಜನರಿಗೆ ದೃಷ್ಟಿ ಕೊಟ್ಟರು. ಅವರಿಗೆ ೧೯೫೬ರಲ್ಲಿ ಪದ್ಮಶ್ರೀ, ೧೯೬೮ರಲ್ಲಿ ಪದ್ಮಭೂಷಣ ಪ್ರಶಸ್ತಿಗಳು ಸಂದುವು; ೨೦೦೫ರಲ್ಲಿ ಅವರು ತೀರಿಕೊಂಡರು. ಒಂದೇ ದಿನದಲ್ಲಿ ೮೩೩ ಶಸ್ತ್ರಕ್ರಿಯೆಗಳನ್ನು ಮಾಡಿದರೆಂಬುದು ಅವರ ಹೆಸರಿನಲ್ಲಿರುವ ದಾಖಲೆ. ಲೆಕ್ಕದ ವೃತ್ತಿಯವನಾದ ನಾನು ಈ ಅಂಕಿಯನ್ನು ಕಂಡಾಗ ಭಾಗಾಕಾರ ಮಾಡದೆ ಇರಲಾರೆ. ದಿನಕ್ಕೆ ಹದಿನಾಲ್ಕು ತಾಸು ನಿಂತರೂ ೮೪೦ ನಿಮಿಷಗಳಾದುವು; ಎಂದರೆ ಒಂದು ಕಣ್ಣಿಗೆ ಒಂದು ನಿಮಿಷ. ಮೇಜಿನಿಂದ ಮೇಜಿಗೆ ಸಾಗುತ್ತಿದ್ದ ಆ ಒಂದು ನಿಮಿಷದ ಹಿಂದೆ ರೋಗಿಯನ್ನು ಸಿದ್ಧಪಡಿಸಿ ಮಲಗಿಸಿದವರೂ, ಮುಂದೆ ಕಟ್ಟು ಕಟ್ಟಿ ಎಬ್ಬಿಸಿದವರೂ ಇದ್ದೇ ಇರಬೇಕು. ಮೋದಿಯವರ ಹೆಸರನ್ನು ನಾಡು ನೆನೆಯುತ್ತದೆ, ನೆನೆಯಬೇಕಾದದ್ದೇ. ಆ ಇನ್ನುಳಿದ ಕೈಗಳ ಹೆಸರು ನಮಗೆ ತಿಳಿದಿಲ್ಲ.

ಸಾಹಸವಾಗಿದ್ದುದು ಪದ್ಧತಿಯಾಗಿ ನೆಲೆಗೊಂಡದ್ದು ೧೯೭೬ರಲ್ಲಿ. ಆ ವರ್ಷ ಕೇಂದ್ರ ಸರಕಾರ ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿತು. ಎರಡು ವರ್ಷದ ಶಿಕ್ಷಣ ಪಡೆದ ‘ನೇತ್ರಸಹಾಯಕ’ನ ಹುದ್ದೆ ಈ ಕಾರ್ಯಕ್ರಮದ ಕಾಲದಲ್ಲಿ ಹುಟ್ಟಿತು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕುಳಿತು ದೃಷ್ಟಿ ಅಳೆಯುವುದು, ಕನ್ನಡಕದ ಲೆಕ್ಕ ಬರೆಯುವುದು, ಶಾಲಾಮಕ್ಕಳನ್ನು ಪರೀಕ್ಷಿಸುವುದು, ಪೊರೆಯುಳ್ಳವರನ್ನು ಆರಿಸಿ ಕಳಿಸುವುದು, ಶಸ್ತ್ರಕ್ರಿಯೆಯಾಗಿ ಬಂದವರನ್ನು ನೋಡಿಕೊಳ್ಳುವುದು ಇವು ಅವನ ಕೆಲಸಗಳು. ಅದೇ ವರ್ಷ ಮಧುರೆಯಲ್ಲಿ ಡಾ. ಜಿ. ವೆಂಕಟಸ್ವಾಮಿಯವರು ಹನ್ನೊಂದು ಹಾಸಿಗೆಗಳ ಅರವಿಂದ ನೇತ್ರಾಲಯವನ್ನು ತೆರೆದರು. ಅಲ್ಲಿ ಹಳ್ಳಿಯ ಹೆಣ್ಣುಮಕ್ಕಳನ್ನು ಆಯ್ದು ಎರಡು ವರ್ಷ ತರಬೇತು ಕೊಟ್ಟು, ಒಬ್ಬೊಬ್ಬರಿಗೆ ಒಂದೊಂದು ಕೆಲಸದಲ್ಲಿ ಪೂರ್ಣ ಪ್ರಾವೀಣ್ಯ ಬರುವಂತೆ ಮಾಡಿದರು. ಶಸ್ತ್ರವೈದ್ಯನ ಎದುರಿಗೆ ಎರಡು ಮೇಜುಗಳು. ಒಂದರ ಮೇಲೆ ಕೆಲಸ ಮುಗಿಯುವಷ್ಟರಲ್ಲಿ ಇನ್ನೊಂದರ ಮೇಲೆ ರೋಗಿ ಸಿದ್ಧ. ಹೀಗೆ ಅಲ್ಲಿಯ ಒಬ್ಬ ವೈದ್ಯ ವರ್ಷಕ್ಕೆ ಎರಡು ಸಾವಿರದಷ್ಟು ಪೊರೆಗಳನ್ನು ತೆಗೆಯಬಲ್ಲವನಾದ.

೨೦೦೬-೦೭ರಲ್ಲಿ ದೇಶದ ಜನಸಂಖ್ಯೆಯಲ್ಲಿ ನೂರಕ್ಕೆ ಒಂದರಷ್ಟಿದ್ದ ಅಂಧತ್ವವು ೨೦೧೫-೧೯ರ ರಾಷ್ಟ್ರೀಯ ಸಮೀಕ್ಷೆಯ ವೇಳೆಗೆ ೦.೩೬ಕ್ಕೆ ಇಳಿದಿತ್ತು. ಇದು ಸಹಾಯಕರೊಬ್ಬರಿಂದಲೇ ಆದದ್ದಲ್ಲ. ಕೃತಕ ಮಸೂರ ಅಗ್ಗವಾದದ್ದು, ಶಿಬಿರಗಳು, ಸರಕಾರದ ಧನಸಹಾಯ ಎಲ್ಲವೂ ಸೇರಿವೆ. ಆದರೆ ಸಹಾಯಕರಿಲ್ಲದೆ ಇದು ಆಗುತ್ತಿರಲಿಲ್ಲವೆಂಬುದು ನಿರ್ವಿವಾದ. ಈ ಸಮೀಕ್ಷೆಯಲ್ಲಿಯೇ ಐವತ್ತು ವರ್ಷ ಮೀರಿದವರ ಅಂಧತ್ವಕ್ಕೆ ಮೂರರಲ್ಲಿ ಎರಡು ಪಾಲು ಕಾರಣ ಪೊರೆಯೇ ಎಂದು ಕಂಡುಬಂದಿರುವುದರಿಂದ ಕೆಲಸ ಮುಗಿಯಿತೆಂದೂ ಹೇಳುವಂತಿಲ್ಲ.

ಈ ಶಾಖೆಯಲ್ಲಿ ಹಂಚಿಕೆ ಫಲಿಸಿದ್ದೇಕೆ? ಎಲ್ಲೆ ಸ್ಪಷ್ಟವಾಗಿತ್ತು. ಸಹಾಯಕ ಅಳೆಯುತ್ತಾನೆ, ಆರಿಸುತ್ತಾನೆ, ನೋಡಿಕೊಳ್ಳುತ್ತಾನೆ. ಕಣ್ಣನ್ನು ತೆರೆಯುವವನು ತಜ್ಞ. ಇಬ್ಬರ ಕೆಲಸವನ್ನೂ ಅಳೆದು ತಾಳೆನೋಡಬಹುದಾಗಿತ್ತು. ಬ್ಯಾಂಕಿನಲ್ಲಿ ಪ್ರತಿಯೊಬ್ಬ ಅಧಿಕಾರಿಗೂ ರುಜುವಿನ ಮಿತಿಯಿರುತ್ತದೆ. ಇಷ್ಟು ಮೊತ್ತದವರೆಗೆ ನೀನೇ ಮಂಜೂರು ಮಾಡು, ಅದಕ್ಕೆ ಮೀರಿದ್ದನ್ನು ಮೇಲಕ್ಕೆ ಕಳಿಸು ಎಂದು ಬರೆದುಕೊಟ್ಟಿರುತ್ತಾರೆ. ಇದನ್ನು ಯಾರೂ ಅವಮಾನವೆಂದು ಎಣಿಸುವುದಿಲ್ಲ. ಮಿತಿಯೊಳಗೆ ಅವನ ರುಜು ಪೂರ್ಣ ರುಜು. ಮಿತಿಯೇ ಅವನಿಗೆ ರಕ್ಷೆ. ಬರೆದುಕೊಡದ ಅಧಿಕಾರವನ್ನು ಬಾಯಿಮಾತಿನಿಂದ ನಡೆಸಿದಾಗಲೇ ಗ್ರಾಹಕನಿಗೂ ಗುಮಾಸ್ತನಿಗೂ ಕೇಡು.

೬. ಹೊಸ ಹೆಸರು, ಹೊಸ ಕಾಯಿದೆ

‘ಫಿಜಿಷಿಯನ್ ಅಸಿಸ್ಟಂಟ್’ ಎಂಬ ಈಗಿನ ಹೆಸರು ಅಮೇರಿಕೆಯಿಂದ ಬಂದದ್ದು. ೧೯೬೫ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ಡಾ. ಯೂಜೀನ್ ಸ್ಟೆಡ್ಡರು ನೌಕಾಸೈನ್ಯದಲ್ಲಿ ಶುಶ್ರೂಷೆಯ ಅನುಭವ ಪಡೆದಿದ್ದ ನಾಲ್ವರನ್ನು ಆರಿಸಿ ಈ ಶಿಕ್ಷಣವನ್ನು ಆರಂಭಿಸಿದರು. ಭಾರತದ ಮೊದಲ ಇಂಥ ಪಾಠಕ್ರಮ ೧೯೯೨ರಲ್ಲಿ ಮದರಾಸ್ ಮೆಡಿಕಲ್ ಮಿಷನ್ನಿನಲ್ಲಿ ಡಾ. ಕೆ. ಎಂ. ಚೆರಿಯನ್ನರ ನೇತೃತ್ವದಲ್ಲಿ ಮೊದಲಾಯಿತು; ಅದೂ ಒಂದು ತಜ್ಞಶಾಖೆಯಲ್ಲಿ, ಹೃದಯಶಸ್ತ್ರಚಿಕಿತ್ಸೆಯಲ್ಲಿ. ಅಲ್ಲಿಂದೀಚೆಗೆ ಪದವಿಶಿಕ್ಷಣ ಹಲವೆಡೆ ಹರಡಿತು. ಕಾನೂನಿನ ಮನ್ನಣೆ ಮಾತ್ರ ಬಹುಕಾಲ ದೊರೆಯಲಿಲ್ಲ.

ಆ ಮನ್ನಣೆಗೆ ದಾರಿ ತೆರೆದದ್ದು ೨೦೨೧ರಲ್ಲಿ ಸಂಸತ್ತು ಅಂಗೀಕರಿಸಿದ, ವೈದ್ಯಕ್ಕೆ ಸಂಬಂಧಿಸಿದ ಸಹವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯಿದೆ. ಅದರ ಅನುಸೂಚಿಯಲ್ಲಿ ವೈದ್ಯಸಹಾಯಕರ ವೃತ್ತಿಗೂ ಸ್ಥಾನವಿದೆ, ನೇತ್ರಸಹಾಯಕರಿಗೂ ಇದೆ. ರಾಜ್ಯ ರಾಜ್ಯಗಳಲ್ಲಿ ಪರಿಷತ್ತುಗಳಾಗಬೇಕು, ವೃತ್ತಿಯವರ ನೋಂದಣಿಪುಸ್ತಕವಿರಬೇಕು ಎಂದು ಅದು ವಿಧಿಸುತ್ತದೆ. ಅದಕ್ಕೆ ಎರಡು ವರ್ಷ ಮೊದಲು, ೨೦೧೯ರ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾಯಿದೆಯ ೩೨ನೆಯ ಕಲಮು ‘ಸಮುದಾಯ ಆರೋಗ್ಯ ಕಾರ್ಯಕರ್ತ’ನಿಗೆ ಮಿತವಾದ ಪರವಾನಗಿ ಕೊಡಲು ಎಡೆಮಾಡಿತ್ತು, ಅಂಥವರ ಸಂಖ್ಯೆ ನೋಂದಾಯಿತ ವೈದ್ಯರ ಮೂರನೆಯ ಒಂದು ಭಾಗವನ್ನು ಮೀರಬಾರದೆಂದೂ ಹೇಳಿತ್ತು. ಆ ಕಾಯಿದೆಯನ್ನು ವಿರೋಧಿಸಿ ವೈದ್ಯರು ದೇಶದಾದ್ಯಂತ ಮುಷ್ಕರ ಹೂಡಿದಾಗ ಈ ಕಲಮು ಅವರ ಮುಖ್ಯ ಆಕ್ಷೇಪಗಳಲ್ಲಿ ಒಂದಾಗಿತ್ತು. ಭೋರ್ ಸಮಿತಿಯ ಕಾಲದ ಚರ್ಚೆಯೇ ಎಪ್ಪತ್ತು ವರ್ಷಗಳ ಮೇಲೆ ಹೊಸ ಉಡುಪಿನಲ್ಲಿ ಬಂದಂತಾಯಿತು.

ಇಂಗ್ಲೆಂಡಿನ ಇತ್ತೀಚಿನ ಅನುಭವವೂ ಇಲ್ಲಿ ಉಪಯುಕ್ತ. ಅಲ್ಲಿ ಈ ವೃತ್ತಿಯವರನ್ನು ‘ಫಿಜಿಷಿಯನ್ ಅಸೋಸಿಯೇಟ್’ ಎಂದು ಕರೆಯುತ್ತಿದ್ದರು. ತಮ್ಮನ್ನು ನೋಡಿದವರು ವೈದ್ಯರಲ್ಲವೆಂಬುದು ರೋಗಿಗಳಿಗೆ ತಿಳಿಯುವುದಿಲ್ಲವೆಂಬ ದೂರು ಎದ್ದಿತು. ಸರಕಾರ ನೇಮಿಸಿದ ಪ್ರೊ. ಜಿಲಿಯನ್ ಲೆಂಗರು ೨೦೨೫ರ ಜುಲೈ ತಿಂಗಳಲ್ಲಿ ವರದಿ ಕೊಟ್ಟು, ಹೆಸರು ‘ಅಸಿಸ್ಟಂಟ್’ ಎಂದೇ ಇರಲಿ, ರೋಗವೇನೆಂದು ಇನ್ನೂ ನಿರ್ಣಯವಾಗದ ರೋಗಿಗಳನ್ನು ಗೊತ್ತುಪಡಿಸಿದ ಕ್ರಮದ ಹೊರಗೆ ಅವರು ನೋಡುವುದು ಬೇಡ, ಆದರೆ ಅನುಭವಿಗಳಿಗೆ ಮೇಲೇರುವ ದಾರಿಯಿರಲಿ ಎಂದು ಸೂಚಿಸಿದರು. ಎಲ್ಲೆ, ಹೊಣೆ, ಏಣಿ: ಬೈಕುಲ್ಲಾದ ಚರಿತ್ರೆಯಿಂದ ನಾವು ಕಂಡ ಮೂರು ಮಾತುಗಳೇ ಇಲ್ಲಿಯೂ ಕಾಣುತ್ತವೆ.

೭. ಭಾಷೆಯ ಮಾತು

ಇವುಗಳಿಗೆ ನಾಲ್ಕನೆಯದೊಂದನ್ನು ಸೇರಿಸಬೇಕೆಂದು ನನ್ನ ಅಭಿಪ್ರಾಯ. ಅದು ಭಾಷೆ. ೧೮೬೧ರ ವರ್ಗಗಳು ಸಾಮಾನ್ಯ ಸಹಾಯಕರನ್ನು ಹುಟ್ಟಿಸಿದ್ದಲ್ಲದೆ ರೋಗಿಯ ಮಾತನ್ನಾಡುವ ಸಹಾಯಕರನ್ನು ಹುಟ್ಟಿಸಿದುವು. ಕಾಲಕ್ರಮದಲ್ಲಿ ಈ ಶಿಕ್ಷಣವೂ ಇಂಗ್ಲಿಷಿಗೆ ತಿರುಗಿ ಆ ಗುಣ ಮರೆಯಾಯಿತು.

ತಜ್ಞನೊಡನೆ ರೋಗಿ ಕಳೆಯುವ ಕಾಲ ಕೆಲವೇ ನಿಮಿಷ. ಸಹಾಯಕನೊಡನೆ ಕಳೆಯುವ ಕಾಲ ಹೆಚ್ಚು. ರೋಗದ ವೃತ್ತಾಂತ ಹೊರಬೀಳುವುದು ಅಲ್ಲಿಯೇ. ‘ಕಣ್ಣು ಬಂದಿದೆ’ ಎಂದು ಕನ್ನಡಿಗ ಹೇಳಿದರೆ ಮರಾಠಿ ಬಲ್ಲವನಿಗೆ ತಿಳಿಯುತ್ತದೆ. ಅವರಲ್ಲಿಯೂ ಹಾಗೆಯೇ ಹೇಳುತ್ತಾರೆ. ಶಬ್ದಶಃ ಇಂಗ್ಲಿಷಿಗೆ ತಿರುಗಿಸಿಕೊಂಡವನಿಗೆ ದೃಷ್ಟಿ ಮರಳಿ ಬಂದಿತೆಂದು ತೋರಬಹುದು. ‘ಹೊಟ್ಟೆ ತೊಳಸುತ್ತದೆ’, ‘ಕೈಗೆ ಜೋಮು ಹಿಡಿದಿದೆ’, ‘ಜೀವ ಕಸಿವಿಸಿಯಾಗುತ್ತದೆ’ ಎಂಬಂಥ ಮಾತುಗಳನ್ನು ಅರ್ಥಮಾಡಿಕೊಳ್ಳದವನು ರೋಗದ ಅರ್ಧವನ್ನು ಕಳೆದುಕೊಂಡಂತೆಯೇ. ಕಣ್ಣಿನ ಪರೀಕ್ಷೆಯ ಅಕ್ಷರಫಲಕವಂತೂ ರೋಗಿ ಓದಬಲ್ಲ ಲಿಪಿಯಲ್ಲಿರಬೇಕು. ದೇವನಾಗರಿಯನ್ನು ಅರಿಯದ ವೃದ್ಧೆ ಅಕ್ಷರವನ್ನು ಹೇಳದಿದ್ದರೆ ಅದು ಕಣ್ಣಿನ ದೋಷವೋ ಲಿಪಿಯ ದೋಷವೋ ಎಂದು ಹೇಗೆ ತಿಳಿಯಬೇಕು?

ಗಿರಣಿ, ಹೋಟೆಲು, ಬಂದರುಗಳ ಕೆಲಸಕ್ಕೆಂದು ಬಂದ ಕನ್ನಡಿಗರು ಈ ನಗರದಲ್ಲಿ ತಲೆಮಾರುಗಳಿಂದ ಇದ್ದಾರೆ. ತರುಣರಿಗೆ ಮರಾಠಿ, ಹಿಂದಿ ಬರುತ್ತದೆ. ಮಕ್ಕಳ ಮನೆಗೆ ಊರಿನಿಂದ ಬಂದ ತಾಯಿತಂದೆಯರಿಗೆ ಬರುವುದಿಲ್ಲ. ಪೊರೆ ಬರುವ ವಯಸ್ಸು ಅವರದೇ. ಈ ಕೊರತೆಯನ್ನು ನೀಗಿಸುವ ಕೆಲಸದ ಒಂದು ಪಾಲನ್ನು ನಮ್ಮ ಸಂಘಸಂಸ್ಥೆಗಳು ವಹಿಸಿಕೊಳ್ಳಬಹುದು. ರೋಗಲಕ್ಷಣಗಳ ಕನ್ನಡ-ಮರಾಠಿ ಕಿರುಕೋಶವೊಂದನ್ನು ವೈದ್ಯರ ನೆರವಿನಿಂದ ಸಿದ್ಧಪಡಿಸಿ ಆಸ್ಪತ್ರೆಗಳ ಸಹಾಯಕರಿಗೆ ಕೊಡುವುದು ಹೆಚ್ಚು ಖರ್ಚಿನ ಕೆಲಸವಲ್ಲ. ನಮ್ಮ ಮಕ್ಕಳಲ್ಲಿ ಕೆಲವರನ್ನಾದರೂ ಈ ವೃತ್ತಿಗೆ ಪ್ರೋತ್ಸಾಹಿಸುವುದು ಅದಕ್ಕಿಂತಲೂ ಒಳ್ಳೆಯದು. ವೈದ್ಯಪದವಿ ದೊರೆಯದವರ ಪಾಲಿಗೆ ಇದು ಸೋಲಿನ ಮಾತಲ್ಲ, ಬೇರೆಯೊಂದು ವೃತ್ತಿ.

ಕರ್ನಾಟಕ ಮಹಾರಾಷ್ಟ್ರಗಳೆರಡರ ಪರಿಷತ್ತುಗಳಿಗೂ ಇದೇ ಬಿನ್ನಹ. ನೋಂದಣಿಪುಸ್ತಕದಲ್ಲಿ ಸಹಾಯಕನ ಹೆಸರನ್ನು ಬರೆಯುವಾಗ ಅವನು ಏನು ಮಾಡಬಲ್ಲ, ಏನು ಮಾಡಕೂಡದು, ಅವನ ಮೇಲಿನ ತಜ್ಞ ಯಾರು, ಹತ್ತು ವರ್ಷಗಳ ಮೇಲೆ ಅವನು ಎಲ್ಲಿಗೆ ತಲಪಬಲ್ಲ ಎಂಬುದನ್ನೂ ನಿಯಮಗಳಲ್ಲಿ ಬರೆಯಲಿ. ರೋಗಿಯ ಭಾಷೆಯ ಪರಿಚಯವನ್ನು ಪರೀಕ್ಷೆಯ ಒಂದು ವಿಷಯವಾಗಿ ಮಾಡಲಿ. ಬೈಕುಲ್ಲಾದ ದೇಶಭಾಷಾವರ್ಗಗಳಿಂದ ಹೊರಟು ತಾಲೂಕು ದವಾಖಾನೆಗಳಲ್ಲಿ ಆಯುಷ್ಯ ಸವೆಸಿದ ಸಾವಿರಾರು ಜನರಿಗೆ ಇದು ದೊರೆಯಲಿಲ್ಲ. ಅವರ ವೃತ್ತಿಯಲ್ಲಿ ಇಂದು ನಿಂತವರಿಗಾದರೂ ದೊರೆಯುವುದು ನ್ಯಾಯ.